ಎಮ್ಮೆಯ ವಾರಂಟಿ

ಹೊಸ ಮಿಕ್ಸರು ಮನೆಗೆ ಬಂದ ದಿನ ನನ್ನಾಕೆ ಮೊದಲು ಹುಡುಕಿದ್ದು ಅದರ ಜಾರನ್ನಲ್ಲ, ವಾರಂಟಿ ಕಾರ್ಡನ್ನು. ಅಂಗಡಿಯ ಮೊಹರು ಬಿದ್ದ ಆ ಹಳದಿ ಕಾಗದವನ್ನು ಅವಳು ಎಷ್ಟು ಭದ್ರವಾಗಿ ಎತ್ತಿಟ್ಟಳೆಂದರೆ, ಮಿಕ್ಸರು ಕೆಟ್ಟಾಗ ಅದು ಸಿಗಲೇ ಇಲ್ಲ. ನಿಮ್ಮ ಮನೆಯಲ್ಲೂ ಹೀಗೇ ಆಗಿರಬೇಕು. ತೊಂಬತ್ತರ ದಶಕದ ಆ ದಿನಗಳಲ್ಲಿ ಬೈಲಹೊಂಗಲದ ಪೇಟೆಗೆ ಟೀವಿ, ಫ್ಯಾನುಗಳ ಬೆನ್ನಿಗೇ ಈ ಪದವೂ ಬಂದು, ಸಂತೆಯಲ್ಲಿ ಬದನೆಕಾಯಿ ಕೊಳ್ಳುವವರೂ ವಾರಂಟಿ ಕೇಳಿ ನಗುವಂತಾಗಿತ್ತು.

ವಕೀಲನಾದ ನನಗೆ ಮಾತ್ರ ಅದು ಪುಸ್ತಕದ ಪದ. ಸರಕು ಮಾರಾಟದ ಕಾಯ್ದೆಯಲ್ಲಿ ಷರತ್ತು ಬೇರೆ, ವಾರಂಟಿ ಬೇರೆ. ಷರತ್ತು ಕರಾರಿನ ಬೆನ್ನೆಲುಬು; ಅದು ಮುರಿದರೆ ಕೊಂಡವರು ಸರಕನ್ನೇ ತಿರುಗಿಸಬಹುದು. ವಾರಂಟಿ ಪಕ್ಕದ ಮಾತು. ಅದು ಸುಳ್ಳಾದರೆ ಸರಕು ನಿಮ್ಮ ಕೊರಳಿಗೇ, ನಷ್ಟಕ್ಕೆ ಪರಿಹಾರ ಕೇಳಬಹುದು ಅಷ್ಟೆ. ಇನ್ನೊಂದು ನಿಷ್ಠುರ ಮಾತೂ ಅಲ್ಲಿದೆ: ಸರಕನ್ನು ಒಮ್ಮೆ ನಮ್ಮದೆಂದು ಒಪ್ಪಿಕೊಂಡುಬಿಟ್ಟರೆ, ಮುರಿದ ಷರತ್ತೂ ವಾರಂಟಿಯ ಮಟ್ಟಕ್ಕೆ ಇಳಿಯುತ್ತದೆ. ಬದುಕಿನಲ್ಲಿ ಎಷ್ಟನ್ನೆಲ್ಲ ನಾವು ಹೀಗೆ ಒಪ್ಪಿಕೊಂಡು, ತಿರುಗಿಸುವ ಹಕ್ಕು ಕಳೆದುಕೊಂಡು, ಪರಿಹಾರಕ್ಕಾಗಿ ಗೊಣಗುತ್ತ ಬಾಳುತ್ತೇವೆಂದು ನೆನೆದರೆ, ಆ ಕಲಮು ಬರೆದಾತ ಸಂಸಾರಸ್ಥನೇ ಇರಬೇಕೆನಿಸುತ್ತದೆ.

ಹೂಲಿಯಲ್ಲಿದ್ದ ನನ್ನ ತಾಯಿಯ ಅಕ್ಕ, ನಮ್ಮ ದೊಡ್ಡವ್ವ, ಸವದತ್ತಿಯ ಮನೆಗಳಿಗೆ ಮೊಸರು ಹಾಕಿ ಬದುಕಿದವಳು. ಇದ್ದ ಎಮ್ಮೆ ಬತ್ತಿದ ಮೇಲೆ ದನದ ಸಂತೆಗೆ ಹೋಗಿ, ರಾಮದುರ್ಗದ ಕಡೆಯ ಫಕೀರಪ್ಪನೆಂಬ ಮುದುಕನಿಂದ ಒಂದು ಎಮ್ಮೆ ಕೊಂಡು ತಂದಳು. ಅವನು ಚಳಿಗೆಂಬಂತೆ ಹಳೆಯ ಬಟ್ಟೆಯೊಂದನ್ನು ಹೊದ್ದು, ಅವಳ ಎದುರಿಗೇ ಚರಿಗೆ ತುಂಬ ಹಾಲು ಹಿಂಡಿ, "ಯಾರ ಕೈಗಾದ್ರೂ ಹಾಲ ಕೊಡತೈತ್ರಿ, ಭಾಳ ಗರೀಬ ಐತಿ, ಒದ್ಯಾಂಗಿಲ್ಲ" ಎಂದಿದ್ದ. ದೊಡ್ಡವ್ವ ಪದ್ಧತಿಯಂತೆ ಎಮ್ಮೆಯ ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ಹೊಸ್ತಿಲು ದಾಟಿಸಿಕೊಂಡಳು. ಹಾಗೆ ಒಳಗೆ ಕರೆದುಕೊಂಡ ದನವನ್ನು ತಿರುಗಿ ಹೊರಗೆ ಹೊಡೆಯುವುದೆಂದರೆ ಮನೆಮಗಳನ್ನು ಹೊರಹಾಕಿದಂತೆ.

ಮರುದಿನದಿಂದ ಎಮ್ಮೆ ಒಂದು ಹನಿ ಹಾಲು ಬಿಡಲಿಲ್ಲ. ಕೆಚ್ಚಲಿಗೆ ಕೈ ಹಚ್ಚಿದರೆ ಒದೆಯುತ್ತಿತ್ತು. ಮೊಸರಿನ ಮನೆಗಳು ಒಂದೊಂದಾಗಿ ಬೇರೆಯವರ ಪಾಲಾಗತೊಡಗಿದಾಗ ದೊಡ್ಡವ್ವ ನನ್ನಲ್ಲಿಗೆ ಬಂದಳು.

"ಕೊಟ್ಟ ಮಾತ ಸುಳ್ಳಾತಲ್ಲೋ ತಮ್ಮಾ. ತಿರುಗಿ ಒಯ್ಯಂತ ಹೇಳಾಕ ಬರತೈತೇನ?"

"ಕಾಲಿಗೆ ನೀರ ಹಾಕಿ ಒಳಗ ಕರಕೊಂಡೀದಿ ದೊಡ್ಡವ್ವ. ಇನ್ನ ಪರಿಹಾರ ಅಷ್ಟ ಕೇಳಬಹುದು."

"ಪರಿಹಾರ ತಗೊಂಡ ಏನ ಮಾಡ್ಲಿ? ಅಂವನ್ನ ಕರಸು. ಹ್ಯಾಂಗ ಹಿಂಡತಿದ್ದಾ, ತೋರಿಸಿ ಹೋಗ್ಲಿ."

ಅವಳ ಅನ್ನದ ಪ್ರಶ್ನೆ, ಹೇಳಿಕಳಿಸಿದೆ. ನಾನೂ ಹೂಲಿಗೆ ಹೋಗಿದ್ದ ದಿನ ಫಕೀರಪ್ಪ ಕಂಕುಳಲ್ಲಿ ಒಂದು ಗಂಟು ಹಿಡಿದು ಬಂದ. ಬಂದವನೇ ಗಂಟು ಬಿಚ್ಚಿ, ಬಣ್ಣ ಮಾಸಿದ ಒಂದು ಇಳಕಲ್ ಸೀರೆಯನ್ನು ಹೆಗಲ ಮೇಲೆ ಹೊದ್ದುಕೊಂಡು ಎಮ್ಮೆಯ ಪಕ್ಕ ಕುಕ್ಕರಿಸಿದ. ಎಮ್ಮೆ ತಿರುಗಿ ಮೂಸಿ ನೋಡಿತು. ಹಾಲಿನ ಸಪ್ಪಳ ಕೇಳಿಸಿತು.

"ನಮ್ಮ ಮನಿಯಾಕಿ ಕಡೀಗೆ ಉಟ್ಟ ಸೀರಿರಿ ಇದು," ಎಂದ ಅವನು, ಮುಖ ತಿರುಗಿಸದೆ. "ತೊಳದಿಲ್ಲ. ಇದಕ್ಕ ಅಕೀ ವಾಸನಿ ಬೇಕು. ಸಂತ್ಯಾಗೂ ಹೊತಗೊಂಡಽ ಹಿಂಡಿದ್ದೆ. ಈ ವಯಸ್ಸಿನ್ಯಾಗ ಹೆಂಡತಿ ಸೀರಿ ಹೊತಗೊಂಡ ಅಡ್ಡ್ಯಾಡತೇನಿ ಅಂತ ಹ್ಯಾಂಗ ಹೇಳ್ಲಿ? ನಿಮ್ಮ ಕೈಗೆ ರೂಢಿ ಆದೀತು ಅಂದ್ಕೊಂಡೆ."

ಆಮೇಲೆ ಎದ್ದು ಸೀರೆಯನ್ನು ದೊಡ್ಡವ್ವನ ಕೈಗಿತ್ತ. "ಉಟಗೊಂಡ ಕುಂದರ್ರಿ. ಕೊಡತೈತಿ."

ಸತ್ತವಳ ಸೀರೆ ಉಡುವುದೇ ಎಂದು ಓಣಿಯ ಹೆಂಗಸರು ಗುಸುಗುಸು ಎಂದರು. ದೊಡ್ಡವ್ವ ಉಟ್ಟಳು, ಕುಳಿತಳು, ಎಮ್ಮೆ ಹಾಲು ಕೊಟ್ಟಿತು. ಬಾಗಿಲಲ್ಲಿ ನಿಂತಿದ್ದ ಫಕೀರಪ್ಪ ಬೆನ್ನ ಕಡೆಯಿಂದ ಅವಳನ್ನು ಸ್ವಲ್ಪ ಹೊತ್ತು ನೋಡಿದ. ಚಹಾ ಬೇಡವೆಂದು, ಖಾಲಿ ಕೈಯಲ್ಲಿ ಬಸ್ಸಿಗೆ ನಡೆದುಬಿಟ್ಟ.

ಅವನನ್ನು ಕರೆಸಬಾರದಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ. ಬಾಯಿಮಾತಿನ ಒಂದು ವಾರಂಟಿ ಸುಳ್ಳಾದದ್ದಕ್ಕೆ ಯಾವ ನ್ಯಾಯಾಧೀಶರೂ ವಿಧಿಸಲಾರದಷ್ಟು ಪರಿಹಾರವನ್ನು ಆ ಮುದುಕ ತಾನಾಗಿಯೇ ಕೊಟ್ಟು ಹೋಗಿದ್ದ. ದೊಡ್ಡವ್ವನೂ ಅದನ್ನು ತಿಳಿಯದವಳೇನಲ್ಲ. ಎಮ್ಮೆ ತನಗೆ ಒಗ್ಗಿದೊಡನೆ ಸೀರೆಯನ್ನು ಅವನಿಗೆ ಮುಟ್ಟಿಸಿ ಬರಬೇಕೆಂದು ಆಗಾಗ ಅನ್ನುತ್ತಿದ್ದಳು.

ಸುಗ್ಗಿ ಮುಗಿಯುವ ಹೊತ್ತಿಗೆ ಎಮ್ಮೆ ಅವಳ ಬರಿಗೈಗೇ ಹಾಲು ಕೊಡತೊಡಗಿತ್ತು. ನಾನು ಹೋದ ದಿನ ಅವಳು ಸೀರೆಯನ್ನು ನೀಟಾಗಿ ಮಡಿಚಿ, ರಾಮದುರ್ಗದ ಬಸ್ಸಿಗೆ ಹೊರಟು ನಿಂತಿದ್ದಳು. ಏನನ್ನಿಸಿತೋ, ಮಡಿಕೆಯನ್ನು ಮೂಗಿಗೆ ಹಿಡಿದು ಎಳೆದು ಮೂಸಿದಳು. ಮತ್ತೊಂದು ಮಗ್ಗಲು ತಿರುವಿ ಮೂಸಿದಳು. ಕಟ್ಟೆಯ ಮೇಲೆ ಕುಳಿತು, ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದಳು:

"ಇದರಾಗ ಈಗ ನಾನಽ ಅದೇನಿ ತಮ್ಮಾ. ಅಕೀ ಇಲ್ಲ. ಏನಂತ ಕೊಡ್ಲಿ?"