ಬಚ್ಚಲ ಬಾಗಿಲು ತಟ್ಟಿದ ಹಿರಿಯ

ಬೆಳಗಿನ ಆರೂವರೆ. ಮಹಡಿ ಮೇಲಿನ ಎರಡು ಕೋಣೆಯ ಮನೆ. ಬಚ್ಚಲ ಬಾಗಿಲಿನೆದುರು ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಉದ್ದನೆಯ ಹುಡುಗನೊಬ್ಬ ಕೂತಿದ್ದಾನೆ. ಮೈಮೇಲೆ ಈಗಷ್ಟೇ ಇಸ್ತ್ರಿಯಾದ ಬಿಳಿ ಅಂಗಿ, ಕುತ್ತಿಗೆಯಲ್ಲಿ ಇನ್ನೂ ಗಂಟು ಬಿಗಿಯದ ಟೈ, ಕೈಯಲ್ಲಿ ಬೂಟಿನ ಬ್ರಷ್ಷು. ತನ್ನ ಬೂಟು ಮುಗಿಸಿ ಜೊತೆಗಾರನ ಬೂಟಿಗೆ ಕೈಹಾಕಿದ್ದಾನೆ. ಒಳಗೆ ನಲ್ಲಿ ಸುರಿಯುತ್ತಿದೆ. ಇವನ ಕೈ ಬೂಟಿನ ಮೇಲಿದ್ದರೂ ಕಿವಿ ಬಾಗಿಲಿಗೇ ಅಂಟಿದೆ. ನಾಲ್ಕು ನಿಮಿಷಕ್ಕೆ ನಲ್ಲಿ ನಿಲ್ಲುತ್ತದೆ. ಒಳಗಿನಿಂದ ಯಾವುದೋ ಹಾಡಿನ ಗುನುಗು ಕೇಳುತ್ತದೆ, ಶ್ರುತಿಗೂ ಅದಕ್ಕೂ ಸಂಬಂಧವಿಲ್ಲ.

"ಹಾಡೋಕೆ ಬರಲ್ಲ ಅವನಿಗೆ. ಆದ್ರೂ ಹಾಡ್ತಾನೆ. ಹಾಡ್ಲಿ ಬಿಡಿ," ಎಂದು ಉದ್ದನೆಯವ ನಗುತ್ತಾನೆ.

ಈತ ಮಾರ್ಮನ್ ಎಂಬ ಕ್ರೈಸ್ತ ಪಂಥದ ಚರ್ಚಿಗಾಗಿ ಮನೆಮನೆಗೆ ಹೋಗಿ ಧರ್ಮ ಸಾರುವ ಸೇವೆಗೆಂದು ಸಮುದ್ರ ದಾಟಿ ಬಂದವನು. ವಯಸ್ಸು ಇಪ್ಪತ್ತು. ಎರಡು ವರ್ಷದ ಸೇವೆಯಲ್ಲಿ ಹದಿನೇಳು ತಿಂಗಳು ಮುಗಿದಿವೆ. ಎದೆಯ ಮೇಲೆ ಹೆಸರಿನ ಪುಟ್ಟ ಕಪ್ಪು ಫಲಕ ಧರಿಸಿ, ಇಬ್ಬಿಬ್ಬರಾಗಿ ಸೈಕಲ್ ತುಳಿಯುತ್ತ ಹೋಗುವ ಇಂಥ ಹುಡುಗರನ್ನು ನೀವು ನೋಡಿಯೇ ಇರುತ್ತೀರಿ. ನೋಡಿದ ಕೂಡಲೇ ಬಾಗಿಲು ಹಾಕಿಕೊಂಡೂ ಇರುತ್ತೀರಿ. ಅವರ ಸಂಪ್ರದಾಯದಲ್ಲಿ ಈ ಕೆಲಸಕ್ಕೆ ಬಂದ ಹುಡುಗರನ್ನು 'ಹಿರಿಯ' ಎಂದೇ ಕರೆಯುತ್ತಾರೆ. ಮೀಸೆ ಸರಿಯಾಗಿ ಬಾರದವನಿಗೆ ಹಿರಿಯ ಎಂಬ ಪಟ್ಟ! ಕೆಳಗಿನ ಮನೆಯ ಒಡತಿ, ಶಾಲೆಯ ಸಮವಸ್ತ್ರ ಹೊಲಿಯುವ ಅರವತ್ತೈದರ ಟೈಲರಮ್ಮನಿಗೆ ಇದು ಮುಗಿಯದ ತಮಾಷೆ.

"ಏನ್ರೀ ಹಿರಿಯರೇ, ಹಾಲು ಕುಡಿದ್ರಾ?" ಎಂದು ಅವರು ಮೆಟ್ಟಿಲ ಬುಡದಿಂದ ಕೂಗುತ್ತಾರೆ. ತಮ್ಮ ಮತದಲ್ಲಿ ನಿಷಿದ್ಧವೆಂದು ಚಹಾ, ಕಾಫಿ ಎರಡನ್ನೂ ಮುಟ್ಟದ ಈ ಹುಡುಗರು ಬೆಳಿಗ್ಗೆ ಏಳುವುದಾದರೂ ಯಾಕೆ ಎಂಬುದು ಅವರಿಗೆ ಇಂದಿಗೂ ಬಗೆಹರಿದಿಲ್ಲ.

ಏಳುವುದು ಆರೂವರೆಗೆ, ಉದ್ದನೆಯವ ಅದಕ್ಕೂ ಅರ್ಧ ಗಂಟೆ ಮುಂಚೆ. ವ್ಯಾಯಾಮ, ಪ್ರಾರ್ಥನೆ, ಓದು, ಭಾಷೆಯ ಅಭ್ಯಾಸ. ಹತ್ತಕ್ಕೆ ಬೀದಿಗೆ. ದಿನಕ್ಕೆ ಐವತ್ತು ಅರವತ್ತು ಬಾಗಿಲು ತಟ್ಟಿದರೆ ಹದಿನೈದು ತೆರೆಯುತ್ತವೆ, ಅದರಲ್ಲಿ ಪೂರ್ತಿ ತೆರೆಯುವುದು ಮೂರೋ ನಾಲ್ಕೋ. ಸೈಕಲ್ ತುಳಿತ ಇಪ್ಪತ್ತು ಕಿಲೋಮೀಟರಿಗೆ ಕಮ್ಮಿಯಿಲ್ಲ. ನಡುವೆ ಯಾರದೋ ಬೀರು ಮೂರನೇ ಮಹಡಿಗೆ ಹೊರುವುದು, ಯಾರದೋ ಅಜ್ಜಿಗೆ ಕಾಗದ ಓದಿ ಹೇಳುವುದು. ಮನೆಗೆ ಫೋನು ವಾರಕ್ಕೊಂದು ದಿನ. ತಟ್ಟಿದ ಬಾಗಿಲು, ಆಡಿದ ಮಾತು, ಕಲಿಸಿದ ಪಾಠ ಎಲ್ಲವನ್ನೂ ಒಂದು ಹಾಳೆಯಲ್ಲಿ ತುಂಬಿ ವಾರದ ಕೊನೆಗೆ ಮೇಲಿನವರಿಗೆ ಕಳಿಸಬೇಕು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿದೆ. ಜೋಡಿಯ ಇಬ್ಬರೂ ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ದೂರದಲ್ಲೇ ಇರಬೇಕು. ಉಣ್ಣುವಾಗ, ಮಲಗುವಾಗ, ಅಂಗಡಿಗೆ ಸೋಪು ತರಲು ಹೋಗುವಾಗ ಕೂಡ. ಒಂಟಿಯಾಗಿರಲು ಉಳಿದಿರುವ ಜಾಗವೆಂದರೆ ಬಚ್ಚಲಮನೆ ಒಂದೇ.

"ನಾನು ಬಂದ ಹೊಸದ್ರಲ್ಲಿ ಇದೇ ಮನೇಲಿದ್ದೆ," ಎನ್ನುತ್ತಾನೆ ಉದ್ದನೆಯವ. "ಹೊರಡೋಕೆ ಮುಂಚೆ ಎರಡು ತಿಂಗಳು ಭಾಷೆ ಕಲಿಸಿದ್ರು. ಇಲ್ಲಿ ಬಾಗಿಲು ತೆಗೆದವರು ಬಾಯಿ ಬಿಟ್ರೆ ಅದ್ರಲ್ಲಿ ಒಂದು ಪದಾನೂ ಗೊತ್ತಾಗ್ತಿರಲಿಲ್ಲ. ದಿನಾ ಬೆಳಿಗ್ಗೆ ಬಚ್ಚಲಿಗೆ ಹೋಗಿ ನಲ್ಲಿ ಪೂರ್ತಿ ತಿರುಗಿಸಿ ಅಳ್ತಿದ್ದೆ. ನಾಲ್ಕು ತಿಂಗಳು. ಜೊತೆಗಾರ ಪಾಪ, ಇವನು ಬಹಳ ಶುಚಿ ಅಂದ್ಕೊಂಡಿದ್ದ."

ಆಮೇಲೆ ಇವನಿಗೆ ವರ್ಗವಾಯಿತು. ನಾಲ್ಕು ಊರು ಸುತ್ತಿದ. ನಾಲಿಗೆ ಹದಕ್ಕೆ ಬಂತು, ಕಾಲು ಗಟ್ಟಿಯಾಯಿತು, ಮುಖದ ಮೇಲೆ ರಪ್ಪನೆ ಬಾಗಿಲು ಹಾಕಿದರೂ ನಕ್ಕು ಪಕ್ಕದ ಮನೆಗೆ ಹೋಗುವಷ್ಟು ಚರ್ಮ ದಪ್ಪವಾಯಿತು. ಮೂರು ತಿಂಗಳ ಹಿಂದೆ ಮತ್ತೆ ಇದೇ ಮನೆಗೆ ಬಂದಾಗ ಇವನೇ ಕಲಿಸುವವನು. ಜೊತೆಗೆ ಬಂದವನು ಹದಿನೆಂಟರ ಹೊಸಬ, ಭುಜದವರೆಗೂ ಬಾರದ ಗಿಡ್ಡ ಹುಡುಗ. ಟೈಲರಮ್ಮ ಒಬ್ಬನನ್ನು ದೊಡ್ಡೋನು, ಇನ್ನೊಬ್ಬನನ್ನು ಚಿಕ್ಕೋನು ಎಂದು ಕರೆದು ಹೆಸರಿನ ತಂಟೆಯನ್ನೇ ಮುಗಿಸಿಬಿಟ್ಟರು.

ಹತ್ತು ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಟೈಲರಮ್ಮ ಮೆಟ್ಟಿಲ ಬುಡದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತರು. "ತಾರಸಿ ಟ್ಯಾಂಕು ಏಳು ಗಂಟೆಗೇ ಖಾಲಿ! ಮೇಲೆ ಆನೆ ಗೀನೆ ಸಾಕಿದ್ದೀರೇನ್ರಪ್ಪಾ?"

ದೊಡ್ಡವನಿಗೆ ಕಾರಣ ಗೊತ್ತಿತ್ತು. ಚಿಕ್ಕವನು ಬಚ್ಚಲಲ್ಲಿ ಅರ್ಧ ಗಂಟೆ ಕಳೆಯುತ್ತಿದ್ದುದು, ಹೊರಬಂದಾಗ ತಲೆಗೂದಲು ಒಣಗಿಯೇ ಇರುತ್ತಿದ್ದುದು, ಕಣ್ಣು ಮಾತ್ರ ಕೆಂಪಾಗಿರುತ್ತಿದ್ದುದು ಇವನಿಗೆ ಕಾಣದೇ ಇರಲಿಲ್ಲ. ಕಂಡೂ ಕಾಣದಂತಿದ್ದ. ಯಾಕೆಂದರೆ ಆ ವಾರದ ಹಾಳೆ ಹದಿನಾಲ್ಕು ತಿಂಗಳಲ್ಲೇ ಅತಿ ತುಂಬಿದ ಹಾಳೆ. ಕೊನೆಗೂ ತನಗೆ ಕೆಲಸ ಕೈಹತ್ತಿತು ಎಂಬ ಹಿಗ್ಗು. ಈಗ ಬಾಯಿಬಿಟ್ಟರೆ ಎಲ್ಲ ನಿಂತುಹೋಗುತ್ತದೆ ಎಂಬ ಅಳುಕು. ಹಾಗಾಗಿ ಟೈಲರಮ್ಮನಿಗೆ ಒಂದು ಸುಳ್ಳು ಹೇಳಿದ: "ನಲ್ಲಿ ವಾಷರ್ ಹೋಗಿದೆ ಅನ್ಸುತ್ತಮ್ಮ."

ಟೈಲರಮ್ಮ ಸುಮ್ಮನಿರುವ ಪೈಕಿಯಲ್ಲ. ಮಧ್ಯಾಹ್ನ ಹುಡುಗರು ಊಟಕ್ಕೆ ಬರುವ ಹೊತ್ತಿಗೇ ಪ್ಲಂಬರನ್ನು ಕರೆತಂದರು. ಆತ ನಲ್ಲಿ ಬಿಚ್ಚಿದ, ಬೆಳಕಿಗೆ ಹಿಡಿದ, ತಿರುಗಿ ಕೂರಿಸಿದ. "ನಲ್ಲಿಗೇನೂ ಆಗಿಲ್ಲಮ್ಮ, ಗಟ್ಟಿಮುಟ್ಟಾಗಿದೆ. ತಿರುಗಿಸೋರನ್ನ ವಿಚಾರಿಸ್ಕೊಳ್ಳಿ," ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದ.

ಆ ಮಾತು ದೊಡ್ಡವನ ಬೆನ್ನು ಬಿಡಲಿಲ್ಲ. ಅವತ್ತು ಐವತ್ತೆರಡು ಬಾಗಿಲು ತಟ್ಟಿದ್ದ. ಚಿಕ್ಕವನು ಪ್ರತಿ ಮನೆಯ ಮುಂದೂ ಬಾಯಿಪಾಠ ಮಾಡಿದ ಎರಡು ವಾಕ್ಯ ಹೇಳಲು ಹೋಗಿ ತಡವರಿಸಿ ನಿಲ್ಲುತ್ತಿದ್ದ. ಒಂದು ಮನೆಯ ಮಕ್ಕಳು ಅವನ ಉಚ್ಚಾರವನ್ನು ಅಣಕಿಸಿ ನಕ್ಕರು. ಅವನೂ ನಕ್ಕ. ಆ ನಗುವಿನ ಗುರುತು ಇವನಿಗೆ ಚೆನ್ನಾಗಿ ಇತ್ತು. ಸೇವೆಯ ಮೊದಲ ನಾಲ್ಕು ತಿಂಗಳು ಇವನೂ ಅದನ್ನೇ ತೊಟ್ಟುಕೊಂಡು ಓಡಾಡಿದ್ದ. ಮನೆಗೆ ಬಂದು ನೋಡಿದರೆ ಚಿಕ್ಕವನ ಪೆಟ್ಟಿಗೆ ಮಂಚದ ಕೆಳಗೆ ಬೀಗ ಹಾಕಿ ಸಿದ್ಧವಾಗಿತ್ತು. ಹೇಳದೆ ಕೇಳದೆ ಎದ್ದು ಹೋಗಿಬಿಟ್ಟರೆ? ಗೊತ್ತಿಲ್ಲದ ಊರು, ಬಾರದ ಭಾಷೆ. ಹೋದವನು ಜೀವನವಿಡೀ ತಾನು ಸೋತವನು ಅಂದುಕೊಂಡು ಬದುಕಿದರೆ? ಇಷ್ಟು ದಿನ ಸುಮ್ಮನಿದ್ದುದಕ್ಕೆ ಇವನಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ನಲ್ಲಿ ಶುರುವಾಗಿ ಹತ್ತು ನಿಮಿಷಕ್ಕೆ ಬಚ್ಚಲ ಬಾಗಿಲು ತಟ್ಟಿದ.

"ಬಂದೆ, ಬಂದೆ, ಎರಡೇ ನಿಮಿಷ," ಎಂದಿತು ಒಳಗಿನ ದನಿ.

"ಬರೋದೇನೂ ಬೇಡ. ನಲ್ಲಿ ನಿಲ್ಸು ಸಾಕು. ಅಳೋದಿದ್ರೆ ಅಳು. ನಾನೂ ಇದೇ ಬಚ್ಚಲಲ್ಲಿ ಅತ್ತಿದ್ದೀನಿ."

ನಲ್ಲಿ ನಿಂತಿತು. ಅಳು ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿತು. ದೊಡ್ಡವನು ಬಕೆಟ್ಟು ಬೋರಲು ಹಾಕಿ ಅಲ್ಲೇ ಕೂತ.

"ನೀನಾ? ಎಷ್ಟು ದಿನ?" ಎಂದು ಒಳಗಿನ ದನಿ ಕೇಳಿತು.

"ನಾಲ್ಕು ತಿಂಗಳು."

"ಸುಳ್ಳು."

"ಟೈಲರಮ್ಮನ್ನ ಕೇಳು ಬೇಕಾದ್ರೆ. ಅವಾಗ್ಲೂ ಟ್ಯಾಂಕ್ ಖಾಲಿ ಅಂತ ಬೈತಿದ್ರು."

ಚಿಲಕ ಸರಿಯಿತು. ಚಿಕ್ಕವನು ಹೊಸ್ತಿಲ ಮೇಲೆ ಕೂತು ಮೂಗು ಒರೆಸಿಕೊಂಡ. "ದೇವರ ಮೇಲೆ ನಂಬಿಕೆ ಹೋಗಿದೆ ಅಂತಲ್ಲ ಕಣೋ. ಬಾಯಿಗೆ ಮಾತೇ ಬರ್ತಿಲ್ಲ. ವಾಪಸ್ ಹೋಗೋಣ ಅಂದ್ರೆ, ನನ್ನ ಕಳಿಸ್ಕೊಡೋಕೆ ಇಡೀ ಚರ್ಚ್ ಬಂದಿತ್ತು. ಅಮ್ಮನಿಗೆ ಹೇಗೆ ಮುಖ ತೋರಿಸ್ಲಿ?"

ದೊಡ್ಡವನು ಅವತ್ತು ಬೀದಿಗಿಳಿಯಲಿಲ್ಲ. ಇಡೀ ಪ್ರಾಂತ್ಯದ ಹುಡುಗರನ್ನು ನೋಡಿಕೊಳ್ಳುವ ಮುಖ್ಯಸ್ಥರಿಗೆ ಫೋನು ಮಾಡಿದ. ನಲ್ಲಿಯ ಸುಳ್ಳು, ಕಂಡೂ ಸುಮ್ಮನಿದ್ದ ದಿನಗಳು, ಎಲ್ಲವನ್ನೂ ಒಪ್ಪಿಸಿ ಬೈಗುಳಕ್ಕೆ ತಲೆಯೊಡ್ಡಿ ಕಾದ. ಅಪ್ಪನ ವಯಸ್ಸಿನ ಆ ಮನುಷ್ಯ ಬೈಯಲಿಲ್ಲ. "ಹಾಳೆ ಖಾಲಿ ಕಳ್ಸಪ್ಪ, ಪರವಾಗಿಲ್ಲ. ಫೋನಿನ ದಿನ ಬರ್ಲಿ ಅಂತ ಕಾಯ್ಬೇಡ, ಅವನು ಈಗ್ಲೇ ಅಮ್ಮನ ಹತ್ರ ಮಾತಾಡ್ಲಿ. ನಾಳೆ ಡಾಕ್ಟರ ಹತ್ರಾನೂ ಹೋಗಿ ಬನ್ನಿ. ಅವನು ಮನೆಗೆ ಹೋಗ್ತೀನಿ ಅಂದ್ರೆ ನಾನೇ ವಿಮಾನ ಹತ್ತಿಸ್ತೀನಿ, ತಲೆ ತಗ್ಗಿಸೋ ಅಂಥದ್ದು ಏನೂ ಇಲ್ಲ ಅಂತ ಹೇಳು," ಎಂದರು.

ತಾಯಿ ಮಗನ ಮಾತು ಒಂದು ಗಂಟೆ ನಡೆಯಿತು. ಕಟ್ಟಳೆಯಂತೆ ದೊಡ್ಡವನು ಕಿವಿಗೆ ಕೇಳುವ ದೂರದಲ್ಲೇ ಇದ್ದ, ಆದರೆ ಗೋಡೆ ಕಡೆಗೆ ತಿರುಗಿ. "ಬಂದ್ರೂ ನನ್ನ ಮಗನೇ, ಅಲ್ಲೇ ಇದ್ರೂ ನನ್ನ ಮಗನೇ. ಊಟ ಮಾಡಿದ್ಯಾ, ಅದನ್ನ ಹೇಳು ಮೊದ್ಲು," ಎಂದಳಂತೆ ತಾಯಿ. ಫೋನಿಟ್ಟ ಚಿಕ್ಕವನು ಎರಡು ತಟ್ಟೆ ಊಟ ಮಾಡಿದ. ಎಷ್ಟೋ ದಿನಗಳಾಗಿತ್ತು ಅವನು ಹಾಗೆ ಉಂಡು. "ಇನ್ನೊಂದು ವಾರ ನೋಡ್ತೀನಿ," ಎಂದ.

ಪ್ರತಿ ವಾರವೂ ಇನ್ನೊಂದು ವಾರ ಎನ್ನುತ್ತ ಎರಡು ತಿಂಗಳಾಯಿತು. ಪೆಟ್ಟಿಗೆಯ ಬೀಗ ಎಂದೋ ತೆಗೆದಿದೆ. ಈಗ ಸಂಜೆ ಅರ್ಧ ಗಂಟೆ ಅವನು ಟೈಲರಮ್ಮನ ಪಕ್ಕ ಕೂತು ಗುಂಡಿ ಹೊಲಿಯುತ್ತ ಭಾಷೆ ಕಲಿಯುತ್ತಾನೆ. ತಪ್ಪು ಮಾತಾಡಿದರೆ ಅವರು ಅಳತೆಪಟ್ಟಿಯಿಂದ ಮೊಣಕೈಗೆ ಮೆಲ್ಲಗೆ ಒಂದು ಕೊಡುತ್ತಾರೆ.

"ನನಗೆ ಗೊತ್ತಿರ್ಲಿಲ್ಲ ಅಂದ್ಕೊಂಡ್ರಾ?" ಎನ್ನುತ್ತಾರೆ ಟೈಲರಮ್ಮ, ದಾರ ಕಚ್ಚಿ ತುಂಡರಿಸುತ್ತ. "ಆ ಪೈಪು ಇಳಿಯೋದು ನನ್ನ ಗೋಡೇಲೇ. ಯಜಮಾನ್ರು ತೀರ್ಕೊಂಡ ವರ್ಷ ನನ್ನ ಅಳು ಮಕ್ಕಳಿಗೆ ಕೇಳಿಸ್ಬಾರ್ದು ಅಂತ ನಾನು ಸೂಜಿ ಕೆಳಗೆ ಬಟ್ಟೆ ಇಡ್ದೆ ಬರೀ ಮಿಷನ್ ತುಳಿತಿದ್ದೆ. ದೊಡ್ಡೋನು ಬಂದ ಹೊಸದ್ರಲ್ಲೇ ಮೇಲೆ ಹತ್ತಿ ಹೋಗಿ ಕೇಳ್ಬೇಕಿತ್ತು. ಕೇಳ್ಲಿಲ್ಲ, ಟ್ಯಾಂಕಿಗೋಸ್ಕರ ಬೈದೆ. ಅದಕ್ಕೇ ಈ ಸಲ, ನಲ್ಲಿ ಸರಿಯಾಗೇ ಇದೆ ಅನ್ನೋದು ಇವನ ಕಿವಿಗೆ ಬೀಳ್ಲಿ ಅಂತ, ಪ್ಲಂಬರನ್ನ ಕರ್ಸಿದ್ದು."

ದೊಡ್ಡವನಿಗೆ ಮತ್ತೆ ವರ್ಗವಾಗಿದೆ. ನಾಡಿದ್ದು ಪ್ರಯಾಣ. ಚಿಕ್ಕವನ ಜೊತೆಗೆ ಬೇರೊಬ್ಬ ಬರುತ್ತಾನೆ. ಹೋಗುವವರು ಬರುವವರಿಗಾಗಿ ಒಂದು ನೋಟ್‌ಬುಕ್ಕಿನಲ್ಲಿ ಮನೆಯ ವಿಷಯ ಬರೆದಿಡುವುದು ಇಲ್ಲಿನ ರೂಢಿ. ಮೂರನೇ ಮೆಟ್ಟಿಲು ಸಡಿಲ, ಹುಷಾರು. ಟೈಲರಮ್ಮನ ಹಗ್ಗದ ಮೇಲೆ ಅಂಗಿ ಒಣಹಾಕಬೇಡಿ. ಎಷ್ಟೋ ಕೈಬರಹಗಳ ಕೆಳಗೆ ಇವನು ಇವತ್ತು ಒಂದು ಸಾಲು ಸೇರಿಸಿದ್ದಾನೆ: 'ನಲ್ಲಿ ಹತ್ತು ನಿಮಿಷ ಮೀರಿ ಸುರಿದರೆ ಬಾಗಿಲು ತಟ್ಟಿ.'

ಅಷ್ಟರಲ್ಲಿ ತಾರಸಿಯಿಂದ ಧೋ ಎಂದು ನೀರು ಸುರಿಯುತ್ತದೆ. "ಹಿರಿಯರೇ! ಟ್ಯಾಂಕ್ ತುಂಬಿ ಹರೀತಿದೆ, ಮೋಟರ್ ಆಫ್ ಮಾಡ್ರೋ!" ಎಂದು ಕೆಳಗಿನಿಂದ ಕೂಗು. ಬಚ್ಚಲಿಂದ ಈಚೆ ಬಂದ ಚಿಕ್ಕವನು ಒದ್ದೆ ತಲೆಯಲ್ಲೇ ಓಡುತ್ತಾನೆ. ದೊಡ್ಡವನು ಪಾಲಿಶ್ ಆದ ಬೂಟುಗಳನ್ನು ಬಾಗಿಲ ಬಳಿ ಜೋಡಿಸಿಟ್ಟು ಟೈ ಬಿಗಿದುಕೊಳ್ಳುತ್ತಾನೆ.

"ಮನೆಗೆ ಹೋದ್ಮೇಲೆ ಅಪ್ಪ ಕೇಳೇ ಕೇಳ್ತಾರೆ, ಎರಡು ವರ್ಷದಲ್ಲಿ ಎಷ್ಟು ಬಾಗಿಲು ತೆಗೆಸಿದ್ಯೋ ಅಂತ. ಒಂದು ಅಂತೀನಿ," ಎನ್ನುತ್ತಾನೆ. "ಅದೂ ನಮ್ಮನೆ ಬಚ್ಚಲದ್ದೇ."