ಅಕ್ಕನ ಕೆನ್ನೆಯ ಗೆರೆ

ನನ್ನ ಕೆಲಸ ಮುಖ ಒರೆಸುವುದು. ಸಕಲೇಶಪುರದ ಒಂದು ಫೋಟೋ ಸ್ಟುಡಿಯೋದಲ್ಲಿ ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಮೊಡವೆ, ಮಚ್ಚೆ, ಸುಕ್ಕು, ಸಿಡುಬಿನ ಕಲೆ, ಏನೇ ಇರಲಿ, ಮೌಸ್ ನಾಲ್ಕು ಸಲ ಎಳೆದರೆ ಮಾಯ. ನಮ್ಮ ಯಜಮಾನರ ನಿಯಮ ಒಂದೇ: ಗಿರಾಕಿ ಕೇಳಲಿ ಬಿಡಲಿ, ಮುಖ ತೊಳೆದೇ ಕೊಡಬೇಕು. ಮೊದಲಿನ ಫೋಟೋ ಇಟ್ಟುಕೊಳ್ಳುವ ಹಾಗಿಲ್ಲ, ತೊಳೆದದ್ದನ್ನು ಅದರ ಮೇಲೆಯೇ ಸೇವ್ ಮಾಡಬೇಕು. ಇಲ್ಲದಿದ್ದರೆ ಕಂಪ್ಯೂಟರ್ ತುಂಬಿಹೋಗುತ್ತದಂತೆ. ಸತ್ತವರನ್ನೂ ತೊಳೆದಿದ್ದೇನೆ. ತಿಥಿಯ ಫ್ಲೆಕ್ಸಿನಲ್ಲಿ ಎಂಬತ್ತು ದಾಟಿದ ಮುದುಕ ಮದುಮಗನ ಹಾಗೆ ಮಿಂಚುತ್ತಿದ್ದರೆ ಅದು ನನ್ನ ಕೈಚಳಕ. ಮನೆಯವರು ಅದರ ಮುಂದೆ ನಿಂತು "ಅಪ್ಪ ಎಷ್ಟು ಲಕ್ಷಣವಾಗಿದ್ದ" ಎಂದು ಅಳುತ್ತಾರೆ. ಎಲ್ಲಿದ್ದನಪ್ಪಾ ಲಕ್ಷಣವಾಗಿ? ನಾನು ಬಾಯಿ ಮುಚ್ಚಿಕೊಂಡು ಬಿಲ್ ಕೊಡುತ್ತೇನೆ.

ನಾನು ಒಳ್ಳೆಯವಳಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಅನುಕೂಲ.

ಜಪಾನಿನವರು ಕಂಪ್ಯೂಟರಿನಲ್ಲೇ ಮಾಡುವ ಸಿನಿಮಾಗಳ ಹುಚ್ಚು ನನಗೆ ಹಿಡಿಸಿದ್ದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಕತ್ತರಿಸಿ ಜೋಡಿಸುವವನು. ಅವನ ಪೆನ್‌ಡ್ರೈವಿನಲ್ಲಿ ಅಂಥವು ಹತ್ತಾರು ಇದ್ದವು. ಎಲ್ಲ ಮುಂದಿನ ಕಾಲದ ಕಥೆಗಳು: ಆಕಾಶದಲ್ಲಿ ತೇಲುವ ಊರು, ನಡೆಯುವ ಯಂತ್ರಗಳು, ಅರ್ಧ ದೇಹ ಲೋಹದ ಮನುಷ್ಯರು. ಕಥೆ ನನಗೆ ಅಷ್ಟಕ್ಕಷ್ಟೆ. ನನ್ನ ಕಣ್ಣು ನೆಟ್ಟಿದ್ದು ಬೇರೆ ಕಡೆ. ಕಬ್ಬಿಣದ ತೋಳಿನ ಮೇಲೆ ಮಳೆಹನಿ ಬಿದ್ದು, ಒಂದು ಕ್ಷಣ ತಡೆದು, ಪಕ್ಕದ ಹನಿ ಸೇರಿಕೊಂಡು ಜಾರುತ್ತದೆ. ಗಾಜಿಗೆ ಮುಖ ಒತ್ತಿದವಳ ಉಸಿರಿಗೆ ಗಾಜು ಮಬ್ಬಾಗಿ ಮತ್ತೆ ತಿಳಿಯಾಗುತ್ತದೆ. ಕೂದಲು ಒಂದೊಂದೂ ಬೇರೆ ಬೇರೆ ಹಾರುತ್ತದೆ. ಇದ್ಯಾವುದೂ ಇರಲೇ ಇಲ್ಲ. ಕ್ಯಾಮೆರಾ ಹಿಡಿದು ತೆಗೆದದ್ದಲ್ಲ, ಯಾರೋ ಕೂತು ಒಂದೊಂದನ್ನೇ ಇಟ್ಟದ್ದು. ದಿನವಿಡೀ ಇದ್ದದ್ದನ್ನು ಅಳಿಸುವ ನಾನು ಇಲ್ಲದ್ದನ್ನು ಬೆಳೆಸುವವರನ್ನು ನೋಡಿ ಹೊಟ್ಟೆ ಉರಿದುಕೊಂಡೆ, ಬಿಡದೆ ನೋಡಿದೆ.

ಜೊತೆಗೆ ನೋಡುತ್ತಿದ್ದವಳು ಅಕ್ಕ. ಹೆತ್ತೂರಿನ ಕಡೆ ನಮ್ಮದು ನಾಲ್ಕೆಕರೆ ಕಾಫಿ. ಅಪ್ಪ ಹೋದಮೇಲೆ ತೋಟ, ಕಣ, ಆಳುಗಳ ಊಟ ತಿಂಡಿ ಎಲ್ಲ ಅವಳದೇ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಮೂವತ್ತಮೂರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾನು ಟಿವಿಗೆ ಪೆನ್‌ಡ್ರೈವ್ ಚುಚ್ಚಿದರೆ ಅವಳು ಕಾಲು ಚಾಚಿ ಗೋಡೆಗೆ ಒರಗುತ್ತಿದ್ದಳು. ಮಾತು ಜಪಾನಿನದು, ಕೆಳಗೆ ಬರುವ ಅಕ್ಷರ ಇಂಗ್ಲಿಷಿನದು. ನಾನು ಓದಿ ಹೇಳಲು ಹೋದರೆ ಬೈಯುತ್ತಿದ್ದಳು.

"ಬಾಯ್ ಮುಚ್ಕಂಡ್ ನೋಡೇ ಮಾರಾಯ್ತಿ. ಅವ್ರು ತೋರಿಸ್ತಾವ್ರೆ, ನೀನ್ಯಾಕೆ ವದರ್ತೀಯ?"

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದೇ ಸಿನಿಮಾ. ತೇಲುವ ಊರಿನಲ್ಲಿ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬ ಹೆಂಗಸಿನದು. ಅವಳ ಎಡಗೈ ಲೋಹದ್ದು. ಬಲಗೆನ್ನೆಯ ಮೇಲೆ ಕಣ್ಣಿನ ಮೂಲೆಯಿಂದ ತುಟಿಯ ತನಕ ಒಂದು ಹಳೇ ಗಾಯದ ಗೆರೆ. ಅವಳು ನಕ್ಕರೆ ಆ ಗೆರೆಯ ಅಂಚು ಸಣ್ಣದಾಗಿ ಮಡಿಚಿಕೊಳ್ಳುತ್ತದೆ, ಬೆಳಕಿಗೆ ತಿರುಗಿದರೆ ಗೆರೆ ಮಾತ್ರ ನಯವಾಗಿ ಹೊಳೆಯುತ್ತದೆ, ಚಳಿಗೆ ಕೆಂಪಾಗುತ್ತದೆ. ಮೊದಲ ಸಲ ನೋಡಿದ ದಿನ ಅಕ್ಕ ಎದ್ದು ಟಿವಿಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಇದನ್ನ ಯಾರೋ ಕೂತು ಬರ್ದವ್ರೆ, ಅಲ್ವೇನೇ?"

"ಹೂಂ. ಅದೊಂದಕ್ಕೇ ಎಷ್ಟೋ ದಿನ ಹಿಡ್ದಿರ್ತೈತೆ."

"ಬರೀದೇ ಇದ್ದಿದ್ರೆ ಗಾಯನೇ ಇರ್ತಿರ್ಲಿಲ್ಲ. ಬೇಕು ಅಂತ್ಲೇ ಬರ್ದವ್ರೆ, ನೋಡು."

ನಾನು ರಿಮೋಟ್ ಎತ್ತಿ ಸಿನಿಮಾ ಮುಂದೆ ಓಡಿಸಿದೆ. ಯಾಕೆಂದರೆ ಅಕ್ಕನ ಬಲಗೆನ್ನೆಯ ಮೇಲೂ ಒಂದು ಗಾಯದ ಗೆರೆ ಇದೆ, ಅದನ್ನು ಮಾಡಿದವಳು ನಾನು.

ನನಗಾಗ ಏಳು ವರ್ಷ, ಅವಳಿಗೆ ಹನ್ನೊಂದು. ತೋಟದಲ್ಲಿ ಗಿಡ ಸವರುವ ಕತ್ತಿಯನ್ನು ಆಳು ಮರದ ಬುಡದಲ್ಲಿ ಬಿಟ್ಟು ನೀರು ಕುಡಿಯಲು ಹೋಗಿದ್ದ. ನಾನು ಎತ್ತಿಕೊಂಡು ಬೀಸಿದೆ. ಆಟಕ್ಕೆ ಎಂದು ಹೇಳಿಕೊಂಡು ಬಂದಿದ್ದೇನೆ, ಸುಳ್ಳು. ಅವಳು ನನ್ನ ಕೈಯಿಂದ ಸೀಬೆಹಣ್ಣು ಕಿತ್ತುಕೊಂಡಿದ್ದಳು, ನನಗೆ ಸಿಟ್ಟು ಬಂದಿತ್ತು. ರಕ್ತ ಸುರಿಯುತ್ತಿದ್ದ ಕೆನ್ನೆಯನ್ನು ಲಂಗದಿಂದ ಅದುಮಿಕೊಂಡು ಅವಳು ನನಗೆ ಹೇಳಿದ್ದು ಇಷ್ಟು: "ಅಳ್ಬೇಡ. ಬೇಲಿ ತಂತಿ ತಾಗ್ತು ಅಂತೀನಿ." ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಳ್ಳುವಾಗಲೂ ಅದನ್ನೇ ಅಂದಳು. ಇವತ್ತಿಗೂ ಅವ್ವನಿಗೆ ಗೊತ್ತಿರುವುದು ಬೇಲಿ ತಂತಿಯ ಕಥೆ.

ನಮ್ಮಲ್ಲಿ ದೊಡ್ಡವಳು ಹಸೆಮಣೆ ಏರುವ ತನಕ ಚಿಕ್ಕವಳು ಬಾಗಿಲಲ್ಲೇ ನಿಂತಿರಬೇಕು. ಅಕ್ಕನಿಗೆ ಬಂದ ಗಂಡುಗಳು ಕಾಫಿ ಕುಡಿದು, ಉಪ್ಪಿಟ್ಟು ತಿಂದು, ಕೆನ್ನೆ ನೋಡಿ, ಹೇಳಿ ಕಳಿಸ್ತೀವಿ ಎಂದು ಹೋಗುತ್ತಿದ್ದರು. ಈ ನಡುವೆ ನನಗೆ ಒಂದು ಕಡೆ ಮಾತಾಗಿತ್ತು. ಅವರು ಕಾಯುತ್ತೇವೆ ಎಂದಿದ್ದರು, ಆದರೆ ಕಾಯುವುದಕ್ಕೂ ಒಂದು ಮಿತಿ ಇರುತ್ತದಲ್ಲ. ಅಕ್ಕನ ಮುಖ ನನ್ನ ದಾರಿಗೆ ಅಡ್ಡ ನಿಂತಿದೆ ಎಂದು ನನಗೆ ಅನ್ನಿಸಿತ್ತು. ಹೌದು, ಹಾಗೆಯೇ ಅನ್ನಿಸಿತ್ತು. ಮಾಡಿದವಳಿಗೇ ಹಾಗೆ ಅನ್ನಿಸಬಹುದೇ ಎಂದು ಕೇಳಿದರೆ, ಮಾಡಿದವರಿಗೇ ಬೇಗ ಅನ್ನಿಸುವುದು.

ಹೋದ ವರ್ಷ ಕಾಫಿ ಕೊಯ್ಲು ಶುರುವಾದಾಗ ಸೋದರತ್ತೆ ಒಂದು ಹೊಸ ಫೋಟೋ ಕೇಳಿದರು, ಆಲೂರಿನ ಕಡೆ ಒಂದು ಗಂಡು ಇದೆ ಎಂದು. ಅಕ್ಕನನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿ ನಾನೇ ಫೋಟೋ ತೆಗೆದೆ. ಅವಳು ಸೀದಾ ಕ್ಯಾಮೆರಾ ನೋಡಿದಳು. ಪಕ್ಕಕ್ಕೆ ತಿರುಗು ಎಂದರೆ ತಿರುಗಲಿಲ್ಲ.

"ಇರೋ ಹಂಗೇ ಹೊಡಿ. ನೋಡಿ ಬರೋರು ಬರ್ಲಿ, ಬ್ಯಾಡ ಅನ್ನೋರು ಅಲ್ಲೇ ಇರ್ಲಿ. ಬಂದು ತಿಂದು ಹೋಗೋದು ಸಾಕಾಗೈತೆ ನಂಗೆ."

ಅವಳು ಬಸ್ಸಿಗೆ ಹೋದಳು. ನಾನು ಕಂಪ್ಯೂಟರಿನ ಮುಂದೆ ಕೂತು ಗೆರೆ ಅಳಿಸಿದೆ. ಎಡಗೆನ್ನೆಯ ಚರ್ಮ ಎತ್ತಿ ಬಲಗೆನ್ನೆಗೆ ಹಚ್ಚಿದೆ, ಅಂಚು ನುಣ್ಣಗೆ ಮಾಡಿದೆ, ಸೇವ್ ಮಾಡಿದೆ, ಅತ್ತೆಗೆ ಕಳಿಸಿದೆ. ಅಕ್ಕನ ಕೈಯಲ್ಲಿರುವುದು ಗುಂಡಿ ಒತ್ತುವ ಫೋನು. ಅವಳು ಆ ಫೋಟೋ ನೋಡಲಿಲ್ಲ.

ವಾರದಲ್ಲಿ ಸುದ್ದಿ ಬಂತು: ಹುಡುಗಿ ಒಪ್ಪಿಗೆ, ಬಂದು ನೋಡಿಕೊಂಡು ಹೋಗುತ್ತಾರೆ. ಅಕ್ಕ ಕಣದಲ್ಲಿದ್ದಳು. ನಾನು ಹೇಳಿದಾಗ ಒಣಗಲು ಹರಡಿದ ಕಾಫಿ ಎಳೆಯುವ ಹಲಗೆಯ ಹಿಡಿಯ ಮೇಲೆ ಗಲ್ಲ ಊರಿ ನಿಂತಳು.

"ಫೋಟೋ ನೋಡಿದ್ರಂತಾ?"

"ನೋಡಿದ್ರಂತೆ."

"ನೋಡ್ಬುಟ್ಟೂ ಬತ್ತೀವಿ ಅಂದ್ರಾ?"

"ಹೂಂ," ಅಂದೆ.

ಆ ಒಂದು ಹೂಂಗೆ ನನಗೆ ನರಕದಲ್ಲಿ ಬೇರೆಯೇ ಕೋಣೆ ಇರಬೇಕು. ಅಕ್ಕ ನಕ್ಕಳು. ಆಮೇಲೆ ಆಳುಗಳ ಜೊತೆ ಇಲ್ಲದ ತಮಾಷೆ, ಅವ್ವನ ಕೈಯಲ್ಲಿ ಹಳೇ ರೇಷ್ಮೆ ಸೀರೆ ತೆಗೆಸಿದ್ದು, ಹಾಡು ಬಾರದವಳು ಗುನುಗಿದ್ದು. ಇಷ್ಟು ವರ್ಷದಲ್ಲಿ ತನ್ನ ಮುಖ ಕಂಡೂ ಬರುತ್ತೇನೆ ಎಂದವನು ಇವನೊಬ್ಬ ಎಂದು ಅವಳು ತಿಳಿದಿದ್ದಳು. ಅದು ಹಾಗಲ್ಲ ಎಂದು ಹೇಳಲು ನನಗೆ ಹದಿನೈದು ದಿನ ಸಮಯವಿತ್ತು. ದಿನಾ ಬೆಳಿಗ್ಗೆ ಅವಳು ಕಟ್ಟಿಕೊಟ್ಟ ಬುತ್ತಿ ಹಿಡಿದು ಬಸ್ಸು ಹತ್ತಿದೆ, ಹೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬಂದರು: ಗಂಡು, ಅವನ ತಾಯಿ, ಜೊತೆಗೆ ಸೋದರತ್ತೆ. ಅಕ್ಕ ಈ ಸಲ ಸೆರಗು ಕೆನ್ನೆಗೆ ಎಳೆದುಕೊಳ್ಳಲಿಲ್ಲ. ತಲೆ ಎತ್ತಿಕೊಂಡೇ ಕಾಫಿ ತಂದಳು. ಗಂಡಿನ ತಾಯಿ ಲೋಟ ತೆಗೆದುಕೊಂಡವರು ಕುಡಿಯದೆ ಕೆಳಗಿಟ್ಟರು. ಮಗನ ಕೈಯಿಂದ ಫೋನ್ ಇಸಿದುಕೊಂಡು, ಕನ್ನಡಕ ಏರಿಸಿ, ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿದರು.

"ಸ್ವಲ್ಪ ಬೆಳಕಿಗೆ ಬಾರಮ್ಮ. ಈ ಕಡೆ ತಿರುಗು."

ಅಕ್ಕ ತಿರುಗಿದಳು. ಆಕೆ ಫೋನು ನೋಡಿದರು, ಕೆನ್ನೆ ನೋಡಿದರು, ಮತ್ತೆ ಫೋನು ನೋಡಿದರು. ವ್ಯಾಪಾರಿಗಳು ಕಾಫಿ ಬೀಜವನ್ನು ಅಂಗೈಯಲ್ಲಿ ಹರವಿ ನೋಡುವ ಹಾಗೆ.

"ಇದೇನ್ ಕಣ್ರೀ ಇದು? ಫೋಟೋದಾಗೆ ಇಲ್ದಿದ್ದು ಮುಖದಾಗೈತೆ. ಇದನ್ನೇ ಮುಚ್ಚಿಟ್ಟೋರು ಇನ್ನೇನೇನ್ ಮುಚ್ಚಿಟ್ಟಿದ್ದೀರೋ!"

ಅವ್ವನಿಗೆ ಏನೂ ಅರ್ಥವಾಗಲಿಲ್ಲ. ಬೇಲಿ ತಂತಿ, ಚಿಕ್ಕವಳಿದ್ದಾಗ, ಎಂದು ತೊದಲಿದಳು. ಗಂಡು ನೆಲ ನೋಡುತ್ತ, "ಮೊದ್ಲೇ ಹೇಳಿದ್ರೆ ಯೋಚ್ನೆ ಮಾಡ್ಬೌದಿತ್ತು," ಎಂದ. ಅವನು ನಿಜ ಹೇಳಿದನೋ, ಸುಮ್ಮನೆ ಅಂದನೋ ಗೊತ್ತಿಲ್ಲ. ಅಕ್ಕ ಫೋನಿಗೆ ಕೈ ಚಾಚಿದಳು. ಆಕೆ ಕೊಟ್ಟರು. ಅಕ್ಕ ತನ್ನ ಫೋಟೋವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ವಾಪಸು ಕೊಡುವಾಗ, "ಕ್ಷಮಿಸಿ ಅಮ್ಮ, ನಿಮ್ಗೆ ಸುಮ್ನೆ ತೊಂದ್ರೆ ಆಯ್ತು," ಎಂದಳು. ನನ್ನ ಕಡೆ ತಿರುಗಲಿಲ್ಲ. ಕತ್ತಿಯ ಮಾತು ಆಗಲೂ ಎತ್ತಲಿಲ್ಲ.

ಕಾರು ಹೋದ ಮೇಲೆ ನಾನು ಕಣಕ್ಕೆ ಹೋದೆ. ಅವಳು ರೇಷ್ಮೆ ಸೀರೆಯಲ್ಲೇ ಕಾಫಿ ಎಳೆಯುತ್ತಿದ್ದಳು. ನಾನು ಏನೋ ಶುರು ಮಾಡಿದೆ: ನಿನ್ನ ಒಳ್ಳೆಯದಕ್ಕೇ ಅಕ್ಕ, ಎಲ್ಲರಿಗೂ ಹಾಗೇ ಮಾಡೋದು, ಸ್ಟುಡಿಯೋದಲ್ಲಿ ಅಭ್ಯಾಸ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

"ಆ ಸಿನಿಮಾದೋರಿಗೆ ಗಾಯ ಬರ್ಯಕ್ಕೆ ಎಷ್ಟೋ ದಿನ ಹಿಡ್ದಿರ್ತೈತೆ ಅಂದಿದ್ದೆ ನೀನು," ಎಂದಳು. "ನಿಂಗೆ ಒರ್ಸಕ್ಕೆ ಎಷ್ಟೊತ್ತು ಹಿಡೀತು?"

"ಎರಡು ನಿಮ್ಷ," ಅಂದೆ.

"ನೀನು ನನ್ ಕೆನ್ನೆ ಒರ್ಸಿದ್ದಲ್ಲ ಕಣೇ. ನಿನ್ ಕೈ ಒರ್ಸ್ಕಂಡೆ." ಹಲಗೆ ಎಳೆಯುವುದು ನಿಲ್ಲಿಸಲಿಲ್ಲ. "ಅಳ್ಸಿದ್ದನ್ನ ವಾಪಸ್ ಬರಿ. ನನ್ನ ನೋಡ್ಕಂಡಲ್ಲ, ಅಲ್ಲೇ ಸ್ಟುಡಿಯೋದಾಗೆ ಕೂತು ಬರಿ. ಬರ್ದು ತಂದು ತೋರ್ಸು, ಆಮ್ಯಾಲೆ ಮಾತಾಡಾಣ."

ಇದೇನು ಮಹಾ ಎಂದುಕೊಂಡೆ. ಮಾರನೇ ದಿನ ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅವಳ ಫೋಟೋ ತೆರೆದೆ. ಗೆರೆ ಎಲ್ಲಿಂದ ಶುರು? ಕಣ್ಣಿನ ಕೆಳಗಿಂದ. ಎಷ್ಟು ಕೆಳಗಿಂದ? ನಡುವೆ ಬಾಗುತ್ತದೋ, ನೆಟ್ಟಗಿದೆಯೋ? ಹೊಲಿಗೆಯ ಗುರುತು ಎಡಕ್ಕೋ, ಎರಡೂ ಕಡೆಗೋ? ಮೊದಲಿನ ಫೋಟೋ ಇಲ್ಲ, ನಾನೇ ಅದರ ಮೇಲೆ ಸೇವ್ ಮಾಡಿದ್ದೆ. ನನ್ನ ಫೋನಿನಲ್ಲಿರುವ ಅವಳ ಫೋಟೋಗಳೆಲ್ಲ ಪಕ್ಕಕ್ಕೆ ತಿರುಗಿದ್ದವು, ಇಲ್ಲವೇ ನಾನು ಮೊದಲೇ ತೊಳೆದಿದ್ದವು. ಮೌಸ್ ಹಿಡಿದು ಮೂರು ಗಂಟೆ ಕೂತೆ. ಬರೆದೆ, ಅಳಿಸಿದೆ, ಬರೆದೆ. ಕೊನೆಗೆ ಕೈಗೆ ತಾನಾಗಿಯೇ ಬಂತು. ಅಂಚಿನ ಸಣ್ಣ ಮಡಿಕೆ, ಬೆಳಕಿಗೆ ನಯವಾದ ಹೊಳಪು, ಸುತ್ತ ತೆಳ್ಳನೆಯ ಕೆಂಪು. ನನ್ನ ಕೆಲಸದಲ್ಲೇ ಅಷ್ಟು ಚೆಂದದ್ದನ್ನು ನಾನು ಮಾಡಿರಲಿಲ್ಲ. ಪ್ರಿಂಟ್ ತೆಗೆದು, ಕವರಿನಲ್ಲಿಟ್ಟು, ಹೆಮ್ಮೆಯಿಂದಲೇ ಬಸ್ಸು ಹತ್ತಿದೆ.

ಅಕ್ಕ ಕಣದ ಅಂಚಿನಲ್ಲಿ ಕೂತು ಕಾಫಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಕೈ ಸೀರೆಗೆ ಒರೆಸಿಕೊಂಡು ಫೋಟೋ ತೆಗೆದುಕೊಂಡಳು. ನಾನು ಅವಳ ಮುಖ ನೋಡಲಿಲ್ಲ, ಫೋಟೋ ನೋಡುತ್ತಿದ್ದೆ.

"ಚೆಂದಾಗ್ ಬರ್ದಿದ್ದೀಯ," ಎಂದಳು. "ಆದ್ರೆ ಇದು ನಂದಲ್ಲ. ಆ ರಿಪೇರಿ ಮಾಡೋ ಹೆಂಗ್ಸಿಂದು."

ಆಗ ನನಗೂ ಕಂಡಿತು. ಕಣ್ಣಿನ ಮೂಲೆಯಿಂದ ತುಟಿಯ ತನಕ, ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಅದೇ ಗೆರೆ. ಇರದ ಹೆಂಗಸಿನ ಗಾಯವನ್ನು ನಿಲ್ಲಿಸಿ ನಿಲ್ಲಿಸಿ ಎಷ್ಟು ಸಲ ನೋಡಿದ್ದೆನೋ. ಇಪ್ಪತ್ತೆರಡು ವರ್ಷದಿಂದ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಅನ್ನ ಬಡಿಸಿದವಳ ಕೆನ್ನೆಯನ್ನು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ.

ತಲೆ ಎತ್ತಿದೆ. ಅಷ್ಟರಲ್ಲಿ ಅವಳು ಎದ್ದು ನನಗೆ ಬೆನ್ನು ಮಾಡಿ ನಿಂತಿದ್ದಳು.

"ನಂದು ಎಲ್ಲಿಗಂಟ ಐತೆ, ಹೇಳು," ಎಂದಳು. "ತುಟಿಗಂಟನಾ, ದವಡೆಗಂಟನಾ?"

ನನಗೆ ಗೊತ್ತಿರಲಿಲ್ಲ. ಅವಳು ಹಾಗೆಯೇ ಬೆನ್ನು ಮಾಡಿಕೊಂಡು ಕಾಫಿ ಎಳೆಯಲು ಹೋದಳು.