ಹದಿನಾಲ್ಕು ಹಸುಗಳ ನೆರಳು

ನಾನು ಹುಟ್ಟು ಪುಕ್ಕಲಿ. ಸ್ವೀಡನ್ನಿಗೆ ಹೋದ ಮೇಲೆ ಆ ಗುಣವೇನೂ ಕಡಿಮೆಯಾಗಲಿಲ್ಲ, ಹೆದರಲು ಹೊಸ ಹೊಸ ಕಾರಣಗಳು ಸಿಕ್ಕವು ಅಷ್ಟೆ. ಸರಕಾರಿ ಲಕೋಟೆ ಬಂದರೆ ಭಯ, ಕೊಮ್ಮೂನ್ ಎಂಬ ಅಲ್ಲಿನ ಪುರಸಭೆ ಕಚೇರಿಯಲ್ಲಿ ನನ್ನ ಟೋಕನ್ ಕರೆದರೆ ಭಯ, ಬಸ್ಸಿನಲ್ಲಿ ಕಾರ್ಡು ತಕ್ಷಣ ಬೀಪ್ ಅನ್ನದಿದ್ದರೆ ಅದಕ್ಕೂ ಭಯ. ಇಂಥವಳಿಗೆ ಸಿಕ್ಕಿದ ಸಂಶೋಧನೆಯ ವಿಷಯವೂ ಒಂದು ರೀತಿಯಲ್ಲಿ ಭಯವೇ ಆಗಿತ್ತು.

ಯುರೋಪ್ ಒಕ್ಕೂಟಕ್ಕೆ ಒಂದು ಹೊಸ ದೇಶ ಸೇರಿದಾಗ, ಎಲ್ಲರೂ ಹಂಚಿಕೊಂಡಿರುವ ಕೃಷಿ ನೀತಿಯನ್ನು ತಿದ್ದಬೇಕಾಗುತ್ತದೆ. ಹಳಬರಿಗೆ ತಮ್ಮ ಪಾಲು ಕರಗೀತು ಎಂಬ ಅಂಜಿಕೆ, ಹೊಸಬರಿಗೆ ತಮ್ಮನ್ನು ಪಂಕ್ತಿಯ ಕೊನೆಗೆ ಕೂರಿಸಿಯಾರು ಎಂಬ ಅನುಮಾನ. ಕ್ರೊಯೇಷಿಯಾ ಒಕ್ಕೂಟ ಸೇರಿದ ಬೇಸಿಗೆ ಅದು. ಹಳೆಯ ನಿಯಮಗಳು ಹೋಗುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು, ಹೊಸವು ಏನೆಂದು ಯಾರಿಗೂ ಗೊತ್ತಿರಲಿಲ್ಲ. ನಾನಿದ್ದ ಮಾಲ್ಮೋ ನಗರದಿಂದ ಬಸ್ಸಿನಲ್ಲಿ ಹೋಗಬಹುದಾದ ಹಳ್ಳಿಗಳ ಕೆಲವು ರೈತರನ್ನು ಕಂಡು, ಅವರು ಏನನ್ನು ನಿರೀಕ್ಷಿಸುತ್ತಿದ್ದಾರೆ ಎಂದು ಕೇಳಿ, ಅವರ ಹುಲ್ಲುಗಾವಲಿನ ನಕ್ಷೆ ಮಾಡಿ, ಅದರಲ್ಲಿರುವ ಮರಗಳನ್ನು ಎಣಿಸಿ ಬರಬೇಕೆಂದು ನನ್ನ ಗೈಡ್ ಹೇಳಿದರು.

ಮೊದಲು ಹೋದದ್ದು ಹದಿನಾಲ್ಕು ಹಸು ಸಾಕಿದ್ದ ಒಬ್ಬ ಹೆಂಗಸಿನ ಮನೆಗೆ. ಐವತ್ತೈದರ ಆಸುಪಾಸು. ಬೆಳಿಗ್ಗೆ ಶಾಲೆಯ ಬಸ್ಸು ಓಡಿಸುತ್ತಿದ್ದರು, ಉಳಿದ ಹೊತ್ತೆಲ್ಲ ಹಸುಗಳದ್ದು. ಆ ದೇಶದಲ್ಲಿ ಎಲ್ಲರಿಗೂ ಏಕವಚನವೇ. ನನ್ನ ಬಾಯಲ್ಲಿ ಅವರಿಗೆ 'ನೀನು', ಮನಸ್ಸಿನಲ್ಲಿ ಮಾತ್ರ 'ನೀವು'. ಕಾಫಿ, ಏಲಕ್ಕಿ ಬನ್ನು ಕೊಟ್ಟು, ನಾನು ಪ್ರಶ್ನೆ ಕೇಳುವ ಮೊದಲೇ ಅವರೇ ಕೇಳಿದರು, ನೀನು ಓದಿದವಳು, ನಮ್ಮಂಥವರನ್ನು ಉಳಿಸುತ್ತಾರೆಯೇ ಎಂದು. ಹುಲ್ಲುಗಾವಲಿಗೆ ಬರುವ ಸಹಾಯಧನ ನಿಂತರೆ ಹಸುಗಳನ್ನು ಮಾರಬೇಕಾಗುತ್ತದೆ, ಮಾರಿದ ಮೇಲೆ ತನಗೆ ಬೆಳಿಗ್ಗೆ ಏಳಲು ಕಾರಣವಿರುವುದಿಲ್ಲ ಎಂದರು. ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡೆ. ಆಮೇಲೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಯಾವ ಹಸು ಮಧ್ಯಾಹ್ನ ಯಾವ ಬರ್ಚ್ ಮರದ ಕೆಳಗೆ ನಿಲ್ಲುತ್ತದೆ ಎಂದು ಒಂದೊಂದಾಗಿ ತೋರಿಸಿದರು. ಅವಕ್ಕೆ ಜಾಗ ಗೊತ್ತುಪಡಿಸಿಟ್ಟ ಹಾಗಿತ್ತು.

ಮರ ಎಣಿಸುವುದು ನನಗೆ ಹೊಸದಲ್ಲ. ಅಪ್ಪ ಭೂಮಾಪನ ಇಲಾಖೆಯಲ್ಲಿದ್ದವರು. ರಸ್ತೆ ಅಗಲ ಮಾಡಲು ಜಮೀನು ಹಿಡಿಯುವಾಗ, ರಜೆಯಿದ್ದರೆ ನಾನೂ ಅವರ ಜೊತೆ ಹೋಗುತ್ತಿದ್ದೆ. ಹೊಲದಲ್ಲಿ ಎಷ್ಟು ಮರವಿದ್ದರೆ ಅಷ್ಟು ಪರಿಹಾರ. ಹಾಗಾಗಿ ರೈತರು ಮೊಣಕಾಲುದ್ದದ ಗಿಡವನ್ನೂ ಕೈಹಿಡಿದು ಎಳೆದೊಯ್ದು ತೋರಿಸುತ್ತಿದ್ದರು, ಅಪ್ಪ ಒಂದನ್ನೂ ಬಿಡದೆ ಬರೆದುಕೊಳ್ಳುತ್ತಿದ್ದರು. ಒಂದು ಗಿಡ ಬಿಟ್ಟರೂ ಒಬ್ಬರ ತಟ್ಟೆಯಿಂದ ತುತ್ತು ಕಿತ್ತ ಹಾಗೆ ಎಂದು ನನಗೆ ಹೇಳಿಕೊಟ್ಟವರು ಅವರೇ. ನಾನು ಆ ಬರ್ಚ್ ಮರಗಳನ್ನು ಹಾಗೆಯೇ ಎಣಿಸಿದೆ. ಒಂದು ಬುಡದಿಂದ ಐದು ಕಾಂಡ ಎದ್ದಿದ್ದರೆ ಐದು. ಬೇಲಿಯ ಪಕ್ಕದ ಸಸಿಗಳನ್ನೂ ಬಿಡಲಿಲ್ಲ. ಹೊಸ ನೀತಿಯಲ್ಲಿ ಪರಿಸರಕ್ಕೆ ಒತ್ತು ಎಂದು ಎಲ್ಲರೂ ಹೇಳುತ್ತಿದ್ದರಲ್ಲ, ಮರ ಹೆಚ್ಚಿದ್ದಷ್ಟೂ ಅವರಿಗೆ ಒಳ್ಳೆಯದು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಅಡುಗೆಮನೆಗೆ ವಾಪಸು ಬಂದು ಸಂಖ್ಯೆಯನ್ನು ಉಬ್ಬಿ ಹೇಳಿದೆ. ಅವರು ಇನ್ನೊಮ್ಮೆ ಹೇಳಿಸಿಕೊಂಡರು. ಕಪ್ಪನ್ನು ಮೇಜಿನ ಮೇಲಿಟ್ಟು ಕಿಟಕಿಯ ಕಡೆ ನೋಡುತ್ತ ಕುಳಿತರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡು ನಾನು ಬಸ್ಸು ಹಿಡಿದೆ.

ಸೋಮವಾರ ಗೈಡ್ ನನ್ನ ಹಾಳೆ ನೋಡಿ ಹುಬ್ಬೇರಿಸಿದರು. ಇಲ್ಲಿ ಲೆಕ್ಕ ತಿರುಗುಮುರುಗು ಎಂದರು. ಇಂತಿಷ್ಟು ಜಾಗದಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಮರವಿದ್ದರೆ ಅದು ಹುಲ್ಲುಗಾವಲೇ ಅಲ್ಲ, ಕಾಡು. ಕಾಡಿಗೆ ಹುಲ್ಲುಗಾವಲಿನ ಸಹಾಯಧನ ಇಲ್ಲ. ಎಣಿಸುವಾಗಲೂ ಒಂದು ಬುಡಕ್ಕೆ ಎಷ್ಟು ಕಾಂಡವಿದ್ದರೂ ಒಂದೇ ಮರ, ಎಳೆಯ ಸಸಿ ಲೆಕ್ಕಕ್ಕಿಲ್ಲ. ಮಿತಿ ಬದಲಾಗಬಹುದು ಎನ್ನುತ್ತಾರೆ, ಆಗದೆಯೂ ಇರಬಹುದು, ಸದ್ಯಕ್ಕೆ ಹಳೆಯದೇ. ನಮ್ಮ ಹಾಳೆಗಳು ಈ ಕೋಣೆ ಬಿಟ್ಟು ಹೋಗುವುದಿಲ್ಲ, ತನಿಖೆಗೆ ಬರುವವರು ತಾವೇ ಎಣಿಸುತ್ತಾರೆ ಎಂದು ಸಮಾಧಾನವನ್ನೂ ಹೇಳಿದರು. ಆ ಸಮಾಧಾನ ಆಗ ನನ್ನ ತಲೆಗೆ ಹೋಗಲಿಲ್ಲ.

ನಾಚಿಕೆಯಾದರೂ ಬರೆಯುತ್ತೇನೆ. ಮೊದಲು ಹೆದರಿದ್ದು ನನಗಾಗಿ. ನನ್ನ ವಾಸದ ಪರವಾನಗಿಯ ಅರ್ಜಿ ಆಗ ವಲಸೆ ಕಚೇರಿಯಲ್ಲಿತ್ತು. ಆ ಹಸುಗಳ ಒಡತಿ ಯಾರಿಗಾದರೂ ದೂರು ಕೊಟ್ಟರೆ, ಅದು ನನ್ನ ಹೆಸರಿನೊಂದಿಗೆ ಎಲ್ಲಿಗಾದರೂ ಹೋದರೆ ಎಂದೆಲ್ಲ ಯೋಚಿಸಿ ಊಟ ಸೇರಲಿಲ್ಲ. ಅವರ ಮುಖ, ಮೇಜಿನ ಮೇಲಿಟ್ಟ ಆ ಕಪ್ಪು ನೆನಪಾದದ್ದು ಆಮೇಲೆ. ನೆನಪಾದದ್ದೇ ಅಪ್ಪನಿಗೆ ಫೋನ್ ಮಾಡಿದೆ.

ಅವರು ಎಲ್ಲವನ್ನೂ ಕೇಳಿಸಿಕೊಂಡರು. "ಯಾತಕ್ಕೆ ಎಣಿಸ್ತಾರೆ ಅಂತ ಕೇಳಿದ್ಯಾ?"

"ಇಲ್ಲಪ್ಪ."

"ನಾವು ಕೊಡೋಕೆ ಎಣಿಸ್ತಿದ್ವಿ ಕಣಮ್ಮ. ಕೊಡೋಕೋ ಕಿತ್ಕೊಳ್ಳೋಕೋ ಅಂತ ಮೊದಲು ಕೇಳ್ಕೋಬೇಕಿತ್ತು. ಈಗ್ಲೇ ಹೋಗಿ ಆ ಯಮ್ಮಂಗೆ ಹೇಳು, ನಾನು ತಪ್ಪು ಎಣಿಸಿದ್ದೀನಿ ಅಂತ."

ಈಗಲೇ ಎಂದರು. ನಮ್ಮೂರಾಗಿದ್ದರೆ ಚಪ್ಪಲಿ ಮೆಟ್ಟಿ ನೇರ ಅಡುಗೆಮನೆಗೆ ನುಗ್ಗಿಬಿಡುತ್ತಿದ್ದೆ. ಇಲ್ಲಿ ಹೇಳದೆ ಕೇಳದೆ ಒಬ್ಬರ ಬಾಗಿಲು ತಟ್ಟುವುದಿಲ್ಲ ಎಂದು ಬಂದ ಮೊದಲ ವಾರವೇ ಕಲಿತಿದ್ದೆ. ಅಕ್ಕಪಕ್ಕದ ಮನೆಯವರು ಕಾಫಿ ಕುಡಿಯಲೂ ದಿನ ಗೊತ್ತುಮಾಡಿಕೊಳ್ಳುತ್ತಾರೆ. ಯಾವಾಗ ಬರಬಹುದು ಎಂದು ಬಹಳ ಮರ್ಯಾದೆಯಿಂದ ಮೆಸೇಜು ಹಾಕಿದೆ. ಸ್ವಲ್ಪ ಕೆಲಸವಿದೆ, ಶನಿವಾರ ಬಾ ಎಂದು ಉತ್ತರ ಬಂತು. ವಿಷಯವನ್ನು ಮೆಸೇಜಿನಲ್ಲೇ ಬರೆಯಬಹುದಿತ್ತು. ಬರೆದೆ, ಅಳಿಸಿದೆ. ಬರೆದದ್ದು ಸಾಕ್ಷಿಯಾಗಿ ಉಳಿಯುತ್ತದೆ ಎಂದು ಹೆದರಿದೆ. ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ ಹೀಗೆಯೇ ಕಳೆದವು.

ಶನಿವಾರ ಬಸ್ಸು ಇಳಿದ ಕೂಡಲೇ ಗರಗಸದ ಮೋಟಾರಿನ ಸದ್ದು ಕೇಳಿಸಿತು. ಯಾರದೋ ಇರಲಿ, ಅವರದ್ದಾಗದಿರಲಿ ಎಂದು ಬೇಡಿಕೊಳ್ಳುತ್ತ ನಡೆದೆ. ಹತ್ತಿರ ಹೋದ ಹಾಗೆಲ್ಲ ಸದ್ದು ಹೆಚ್ಚಾಯಿತು, ಹಸಿ ಮರದ ವಾಸನೆಯೂ ಬಂತು. ಬೇಲಿಯ ಬಳಿ ನಿಂತು ನೋಡಿದರೆ, ಅಂಚಿನಲ್ಲಿ ಉಳಿದ ಕೆಲವು ಮರ ಬಿಟ್ಟರೆ ಕಣ್ಣಿಗೆ ಬರಿಯ ಬಯಲು. ಎಳೆಯ ಸಸಿಗಳೂ ಇರಲಿಲ್ಲ, ನಡುವಿನ ದೊಡ್ಡ ಬರ್ಚ್ ಮರಗಳೂ ಇರಲಿಲ್ಲ. ಅವರು ನನ್ನನ್ನು ಕಂಡು ಯಂತ್ರ ನಿಲ್ಲಿಸಿ ಹೆಲ್ಮೆಟ್ ತೆಗೆದರು. ಕೂದಲೆಲ್ಲ ಮರದ ಹೊಟ್ಟು.

ಇನ್ನೂ ನಾಲ್ಕೈದು ಕಡಿದರೆ ಮಿತಿಯೊಳಗೆ ಬರುತ್ತೇನೆ ಎಂದರು. ಶುರು ಮಾಡಿದ್ದು ಗುರುವಾರವಂತೆ. ವಾರದ ಮೊದಲ ಮೂರು ದಿನ ಮನಸ್ಸು ಬರಲಿಲ್ಲವಂತೆ. ನಾನು ನಿಂತಲ್ಲೇ, ತಪ್ಪುತಪ್ಪು ಸ್ವೀಡಿಷ್‌ನಲ್ಲಿ, ಕಾಂಡ ಕಾಂಡವನ್ನೂ ಬೇರೆ ಮರವೆಂದು ಎಣಿಸಿದ್ದನ್ನು, ಅದು ತಪ್ಪೆಂದು ಸೋಮವಾರ ಗೊತ್ತಾದದ್ದನ್ನು ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ ಅನ್ನಿಸಿತು. ಹತ್ತಿರದ ಬುಡದ ಬಳಿ ಹೋಗಿ ಐದು ಕೊಯ್ತದ ಗುರುತುಗಳನ್ನು ತೋರಿಸಿ, ಇದನ್ನು ಐದು ಅಂದಿದ್ದೆ ಎಂದೆ.

ಅವರು ಬಗ್ಗಿ ಆ ಬುಡದ ಮೇಲೆ ಕೈಯಿಟ್ಟರು. ಆಮೇಲೆ ಎದ್ದು, ಮೊದಲ ಮೂಲೆಯಿಂದ ಎಣಿಸತೊಡಗಿದರು, ನಾನು ಹಿಂದೆ ಹಿಂದೆ. ನಿಂತ ಮರಗಳನ್ನೂ ಕಡಿದ ಬುಡಗಳನ್ನೂ ಸೇರಿಸಿ ಎಣಿಸಿದೆವು. ಎರಡು ಸಲ ಎಣಿಸಿದೆವು. ಎಲ್ಲವೂ ನಿಂತಿದ್ದಾಗಲೂ ಹಳೆಯ ಮಿತಿಯೊಳಗೇ ಇತ್ತು, ಒಂದನ್ನೂ ಕಡಿಯಬೇಕಾಗಿರಲಿಲ್ಲ. ಮುಂದೆ ಹೊಸ ನೀತಿ ಬಂದಾಗ ಆ ಮಿತಿಯನ್ನೂ ಏರಿಸಿದರು.

"ಸೋಮವಾರವೇ ಗೊತ್ತಿತ್ತು ಅಂದೆಯಲ್ಲ, ಫೋನ್ ಯಾಕೆ ಮಾಡಲಿಲ್ಲ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹೆದರಿಕೆಯಾಯಿತು."

"ನನಗೂ," ಎಂದರು.

ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಕಾಫಿ ಸುರಿದರು. ಒಂದು ಬುಡದ ಮೇಲೆ ಅವರು, ಇನ್ನೊಂದರ ಮೇಲೆ ನಾನು. ಮಧ್ಯಾಹ್ನವಾಗಿತ್ತು. ಹಸುಗಳು ತಗ್ಗಿನಿಂದ ಒಂದೊಂದಾಗಿ ಮೇಲೆ ಬಂದವು. ಬಂದು, ಬಿದ್ದ ಕೊಂಬೆಗಳನ್ನು ಮೂಸಿ, ದಾಟಿ, ತಮ್ಮ ತಮ್ಮ ಜಾಗಕ್ಕೆ ಹೋಗಿ ಬಿಸಿಲಿನಲ್ಲಿ ನಿಂತವು.